ನಾಚಿಯಮ್ಮ ಕೇಳಿದ ಪದದ ಅರ್ಥ

ಇಮ್ಯಾಕ್ಯುಲೇಟ್ ಎಂಬ ಇಂಗ್ಲಿಷ್ ಪದ ಪಾಠದಲ್ಲಿ ಬಂದರೆ ನಾನು ಬೇಗಬೇಗ ಅರ್ಥ ಹೇಳಿ ಮುಂದಿನ ಸಾಲಿಗೆ ಹೋಗಿಬಿಡುತ್ತೇನೆ. ಕಲೆಯಿಲ್ಲದ್ದು, ಕಳಂಕವಿಲ್ಲದ್ದು, ಬರೆದುಕೊಳ್ಳಿ, ಆಯಿತು. ಮಕ್ಕಳು ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ಆ ಪೀರಿಯಡ್ ಮುಗಿಯುವವರೆಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಕಿಟಕಿಯ ಹತ್ತಿರ ಹೋಗುತ್ತೇನೆ, ಮೇಜಿನ ಹತ್ತಿರ ಬರುತ್ತೇನೆ, ಕೈಯಲ್ಲೇ ಇರುವ ಸೀಮೆಸುಣ್ಣವನ್ನು ಹುಡುಕುತ್ತೇನೆ. ಈ ಚಡಪಡಿಕೆ ನಿಜವಾಗಿ ನನ್ನದಲ್ಲ, ನನ್ನ ಚಿಕ್ಕವ್ವನದು. ಆ ಪದದ ಜೊತೆ ಅಂಟಿಕೊಂಡು ನನಗೆ ಬಂದಿದೆ.

ಚಿಕ್ಕವ್ವನ ಹೆಸರು ನಾಚಿಯಮ್ಮ. ಪೊಳ್ಳಾಚಿ ಕಡೆ, ನೆಗಮಂ ಪಕ್ಕದ ಒಂದು ಊರಿನ ನೇಕಾರರ ಬೀದಿಯವಳು. ನಾವು ದೇವಾಂಗದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಆ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ನಾನು ಕಲಿತದ್ದೂ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೇಲೆಯೇ. ಆದ್ದರಿಂದ ಇದನ್ನು ಚಿಕ್ಕವ್ವ ಓದಲಾರಳು. ಯಾರಾದರೂ ಓದಿ ಹೇಳಿದರೂ ಅರ್ಧಕ್ಕೇ ಎದ್ದು ಹೋಗುತ್ತಾಳೆ, ಆ ಮಾತು ಬೇರೆ.

ಅವಳು ಕೂತಲ್ಲಿ ಕೂರುವ ಹೆಂಗಸಲ್ಲ. ಪೊಳ್ಳಾಚಿಯಲ್ಲಿ ಸಿನಿಮಾ ನೋಡುವಾಗ ಇಂಟರ್‌ವಲ್‌ಗೆ ಮುಂಚೆಯೇ ಎದ್ದು, "ಒಲೆ ಆರ್ಸಿದ್ನಾ ಇಲ್ವಾ" ಎಂದು ಬಸ್ಸು ಹಿಡಿದು ಮನೆಗೆ ಬಂದವಳು. ಊಟಕ್ಕೆ ಕೂತರೆ ಮಧ್ಯೆ ಎದ್ದು ಕೋಳಿ ಓಡಿಸಬೇಕು, ಅಂಗಳದ ಬಟ್ಟೆ ತಿರುವಿ ಹಾಕಬೇಕು, ಪಕ್ಕದ ಮನೆಯ ಜಗಳ ಏನೆಂದು ಕೇಳಿ ಬರಬೇಕು. ತೊಳೆದ ಪಾತ್ರೆಯನ್ನು ಮತ್ತೊಮ್ಮೆ ತೊಳೆದರೇ ಅವಳಿಗೆ ನೆಮ್ಮದಿ. ಅವಳನ್ನು ಹಿಡಿದು ಕೂರಿಸುತ್ತಿದ್ದದ್ದು ಮಗ್ಗದ ಗುಂಡಿ ಒಂದೇ. ಕಾಲು ಗುಂಡಿಗೆ ಇಳಿಸಿ ತುಳಿಯುವ ಹಲಗೆಯ ಮೇಲೆ ಇಟ್ಟಳೆಂದರೆ ಮೈಯ ಪರದಾಟವೆಲ್ಲ ಆ ಎರಡು ಪಾದಗಳಿಗೆ ಇಳಿದು ಹೋಗುತ್ತಿತ್ತು, ಮುಖ ಮಾತ್ರ ಶಾಂತವಾಗುತ್ತಿತ್ತು. ನನಗೆ ಆ ಮುಖ ಬಹಳ ಇಷ್ಟ. ನನ್ನ ಅಪ್ಪ ಅಮ್ಮ ಬನಿಯನ್ ಕಂಪನಿಯ ಕೆಲಸಕ್ಕೆ ತಿರುಪ್ಪೂರಿಗೆ ಹೋದಾಗ ನನ್ನನ್ನು ಇವಳ ಹತ್ತಿರ ಬಿಟ್ಟುಹೋದರು. ನಾನು ಬೆಳೆದದ್ದು ಆ ಮುಖ ನೋಡಿಕೊಂಡೇ.

ಅವಳ ಗಂಡ, ನನ್ನ ಚಿಕ್ಕಪ್ಪ, ಗೋಪಾಲಸಾಮಿ. ಒಳ್ಳೆಯ ಕೈ, ಮೆತ್ತನೆಯ ಸ್ವಭಾವ. ಬೀದಿಯ ಜನ ಏನನ್ನುತ್ತಾರೋ ಎಂಬ ಭಯ ಮಾತ್ರ ಬೆಟ್ಟದಷ್ಟು. ಇಬ್ಬರಿಗೂ ಮಕ್ಕಳಿರಲಿಲ್ಲ. ಮಕ್ಕಳಿಲ್ಲದವರ ಬಗ್ಗೆ ಬೀದಿ ಏನನ್ನುತ್ತದೋ ಅದನ್ನೇ ಅನ್ನುತ್ತಿತ್ತು.

ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ವಿಜಯದಶಮಿಯ ದಿನ ನಮ್ಮ ಕುಲದೇವತೆ ಚೌಡಮ್ಮನಿಗೆ ಹೊಸ ಸೀರೆ ಉಡಿಸಬೇಕು. ಆ ಸೀರೆ ನೇಯುವ ಸರದಿ ವರ್ಷಕ್ಕೊಂದು ಮನೆಗೆ ಬರುತ್ತದೆ. ಬಿಳಿ ಸೀರೆ, ಕೆಂಪು ಅಂಚು. ಬೇರೆ ದಿನಗಳಲ್ಲಿ ಹೆಂಗಸರೂ ಮಗ್ಗಕ್ಕೆ ಇಳಿಯುತ್ತಾರೆ, ಯಾರೂ ಏನೂ ಅನ್ನುವುದಿಲ್ಲ, ಏಕೆಂದರೆ ನೇಕಾರರ ಸೊಸೈಟಿಗೆ ಸೀರೆ ಹೋಗಬೇಕಲ್ಲ. ಅಮ್ಮನ ಸೀರೆಗೆ ಮಾತ್ರ ಗಂಡಸಿನ ಕೈಯೇ ಆಗಬೇಕು. ಅವನು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ, ಒಂದೇ ಹೊತ್ತು ಉಂಡು ನೇಯಬೇಕು. ಹಾಸು, ಅಂದರೆ ಉದ್ದದ ನೂಲು, ಮಗ್ಗಕ್ಕೆ ಏರಿದ ದಿನದಿಂದ ಸೀರೆ ಇಳಿಯುವವರೆಗೆ ಮನೆಯಿಂದ ಹೊರಗೆ ಕಾಲಿಡಬಾರದು. ಮಧ್ಯದಲ್ಲಿ ಅವನಿಗೆ ಏನಾದರೂ ಆದರೆ ಹಾಸನ್ನು ಮಗ್ಗದ ಮೇಲೆಯೇ ಕತ್ತರಿಸಿ ಸರದಿಯನ್ನು ಮುಂದಿನ ಮನೆಗೆ ಕೊಡುತ್ತಾರೆ. ಹಾಗೆ ಕತ್ತರಿಸಿಕೊಂಡ ಮನೆಯನ್ನು ಅಮ್ಮ ಬೇಡ ಅಂದಳು ಎಂದೇ ಲೆಕ್ಕ.

ಎಂಬತ್ತಾರನೇ ಇಸವಿಯಲ್ಲಿ ಸರದಿ ಚಿಕ್ಕಪ್ಪನಿಗೆ ಬಂತು. ತಂದೆಯ ಕಾಲದಲ್ಲಿ ಒಮ್ಮೆ ಬಂದದ್ದು, ಮತ್ತೆ ಈಗ. ಚಿಕ್ಕಪ್ಪ ಮಗುವಿನ ಹಾಗೆ ಕುಣಿದಾಡಿದ. ಹಾಸು ಏರಿಸಿ ಇನ್ನೂ ಮೊಳದಷ್ಟೂ ನೇಯ್ದಿರಲಿಲ್ಲ, ಅವನ ಕಣ್ಣು ಹಳದಿಯಾಯಿತು. ಕಾಮಾಲೆ. ಗುಂಡಿಯಿಂದ ಮೇಲೆ ಬರಲು ಎರಡು ಕೈ ಊರಬೇಕಾಯಿತು, ಚಾಪೆಯವರೆಗೆ ಹೋಗಲು ಗೋಡೆ ಹಿಡಿಯಬೇಕಾಯಿತು.

ನಾನಾಗ ಕೊಯಮತ್ತೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಹಾಸ್ಟೆಲ್ ವಾಸ. ಶನಿವಾರ ಮಧ್ಯಾಹ್ನ ಬಸ್ಸು ಉಕ್ಕಡಂ ಮೀನುಪೇಟೆ ದಾಟುವಾಗ ಆ ವಾಸನೆ ಮೂಗಿಗೆ ಬಡಿದರೆ, ಅಬ್ಬ, ಮನೆಯ ದಾರಿ ಹಿಡಿದೆ ಎಂದು ನನಗೆ ಖುಷಿ. ಆ ಶನಿವಾರ ಮನೆಗೆ ಬಂದು ನೋಡಿದರೆ ಬಾಗಿಲು ಮುಚ್ಚಿದೆ, ಒಳಗೆ ಮಗ್ಗದ ಸದ್ದು. ಚಿಕ್ಕಪ್ಪನದೇ ಏಟು, ಟಕ್‌ಟಕ್, ಟಕ್‌ಟಕ್. ಬಾಗಿಲು ತಳ್ಳಿದೆ. ಗುಂಡಿಯಲ್ಲಿ ಚಿಕ್ಕವ್ವ ಕೂತಿದ್ದಳು. ಚಿಕ್ಕಪ್ಪ ಹಿಂದುಗಡೆ ಚಾಪೆಯ ಮೇಲೆ ಮುಖ ಗೋಡೆಗೆ ಮಾಡಿ ಮಲಗಿದ್ದ.

"ಕದ ಹಾಕು ಪುಳ್ಳೆ!" ಎಂದಳು ಚಿಕ್ಕವ್ವ, ಗಂಟಲು ತಗ್ಗಿಸಿ.

ನಮ್ಮ ಬೀದಿಯಲ್ಲಿ ಕಣ್ಣಿಗಿಂತ ಕಿವಿ ಚುರುಕು. ಯಾರ ಮನೆಯಲ್ಲಿ ಯಾರು ನೇಯುತ್ತಿದ್ದಾರೆ ಎಂದು ಏಟು ಕೇಳಿಯೇ ಹೇಳುತ್ತಾರೆ. ಚಿಕ್ಕಪ್ಪ ಲಾಳಿ ಓಡಿದ ಮೇಲೆ ನೂಲು ಕೂರಿಸುವ ಹಲಗೆಯನ್ನು ಎರಡು ಸಲ ಮೆತ್ತಗೆ ಬಡಿಯುವವನು. ಚಿಕ್ಕವ್ವ ಒಂದೇ ಸಲ, ಗಟ್ಟಿಯಾಗಿ, ಸಿಟ್ಟು ತೀರಿಸಿಕೊಳ್ಳುವ ಹಾಗೆ. ಈಗ ಅವಳು ಗಂಡನ ಏಟು ಹಾಕುತ್ತಿದ್ದಳು. ತನ್ನ ಕೈ ತನಗೇ ತಿಳಿಯದೆ ಹಳೆಯ ದಾರಿಗೆ ಹೋದಾಗಲೆಲ್ಲ ನಾಲಿಗೆ ಕಚ್ಚಿಕೊಂಡು ನಿಲ್ಲಿಸುತ್ತಿದ್ದಳು.

"ಯಾರ್ ಹೇಳಿದ್ದು ಇದನ್ನ ಮಾಡು ಅಂತ?" ಎಂದೆ.

ಅವಳು ಗದ್ದದಿಂದ ಚಾಪೆಯ ಕಡೆ ತೋರಿಸಿದಳು. "ಅವ್ರು ಅಳ್ತಾರೆ, ಕಣ್ಣು. ಹಾಸು ಕತ್ತರಿಸಿದ್ರೆ ನಾ ಉಯ್ರೋಡ ಇರಲ್ಲ, ಜೀವ ಬುಡ್ತೀನಿ ಅಂತಾರೆ. ಏನ್ ಮಾಡ್ಲಿ? ಕುಂತ್ಕಂಡೆ." ಮುದ್ದು ಬಂದಾಗ ನಾನು ಅವಳಿಗೆ ಕಣ್ಣು, ಇಲ್ಲದಿದ್ದರೆ ಪುಳ್ಳೆ, ಅಂದರೆ ಹುಡುಗಿ.

ಕೈಯ ಕೆಲಸ ಅವಳದು, ಹೆಸರು ಅವನದು. ನನಗೆ ಉರಿದುಹೋಯಿತು. ಚಿಕ್ಕಪ್ಪನ ಮುಖ ನೋಡಿದೆ. ಆ ಹಳದಿ ಮುಖದ ಮೇಲೆ ಸಿಟ್ಟು ಮಾಡುವುದು ಹೇಗೆ? ಸುಮ್ಮನೆ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕೂತೆ.

"ಏನ್ ಕಲ್ತೆ ಈ ವಾರ? ಯಾನಾದ್ರೂ ಹೇಳು, ಕೈ ಓಡ್ಲಿ" ಎಂದಳು. ಪ್ರತಿ ಶನಿವಾರ ಅವಳು ಕೇಳುವ ಪ್ರಶ್ನೆ ಇದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ನನ್ನ ಕಾಲೇಜಿನ ಮೇಲೆ ಒಂದು ಕಣ್ಣು.

ನಾನು ಇಮ್ಯಾಕ್ಯುಲೇಟ್ ಎಂಬ ಪದ ಹೇಳಿದೆ. ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಮೇರಿಯಮ್ಮನ ವಿಗ್ರಹದ ಕೆಳಗೆ ಅದನ್ನು ಕೆತ್ತಿದ್ದರು. ಅದರ ಅರ್ಥವನ್ನು ಆ ವಾರವಷ್ಟೇ ನಮ್ಮ ಇಂಗ್ಲಿಷ್ ಸಿಸ್ಟರ್ ಬಿಡಿಸಿ ಹೇಳಿದ್ದರು. "ರೋಮ್‌ನೋರ ಹಳೇ ಭಾಷೆ ಚಿಕ್ಕವ್ವ, ಲ್ಯಾಟಿನ್ ಅಂತ. ಮ್ಯಾಕ್ಯುಲಾ ಅಂದ್ರೆ ಕರೆ. ಮುಂದೆ ಇಮ್ ಅಂತ ಹಾಕಿದ್ರೆ, ಇಲ್ಲ ಅಂತ. ಕರೆ ಇಲ್ದೇ ಇರೋದು. ಒಂದು ಚುಕ್ಕೇನೂ ಇಲ್ದೇ ಇರೋದು." ಕಲೆಗೆ ನಮ್ಮ ಮನೆಯಲ್ಲಿ ಕರೆ ಎಂದೇ ಅನ್ನುವುದು.

ಚಿಕ್ಕವ್ವ ಲಾಳಿ ಹಿಡಿದು ನಕ್ಕಳು. "ಚೆನ್ನಾಗದೆ ಅವ್ರ ಮಾತು! ಕರೆ ಇಲ್ಲ ಅನ್ನೋಕೆ ಕರೇನೇ ಹೊಟ್ಟೇಲಿ ಇಟ್ಕಂಡದೆ." ಆಮೇಲೆ ಆ ಪದವನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಕಲಿತಳು. "ನಮ್ಮ ಸೀರೆಗೆ ಇದೇ ಪೇರು, ಇದೇ ಹೆಸ್ರು. ನೋಡ್ತಿರು, ಇಳಿಸಿದ್ಮೇಲೆ ನಿಂಗೇ ತೋರಿಸ್ತೀನಿ. ಒಂದ್ ಕರೆ ಹುಡುಕ್ಬುಡು, ಆಮೇಲೆ ಕೇಳು."

ಅವಳಿಗೆ ಆಸೆ ಹುಟ್ಟಿತ್ತು. ಗಂಡನಿಗಾಗಿ ಕೂತವಳು ಈಗ ತನಗಾಗಿ ನೇಯತೊಡಗಿದ್ದಳು. ಯಾರೂ ಅವಳ ಹೆಸರು ಹೇಳದಿದ್ದರೂ ಚಿಂತೆಯಿಲ್ಲ, ತನ್ನ ಕೈಯಿಂದ ಅಮ್ಮನ ಮೈಗೆ ಒಂದು ಕುಂದಿಲ್ಲದ ಸೀರೆ ಹೋಗಬೇಕು, ಅಷ್ಟೇ. ಮದುವೆಯಾಗಿ ಬಂದಾಗಿನಿಂದ ಹಲಗೆ ಬಡಿದವಳು ಅಷ್ಟು ಬಯಸಿದರೆ ಅದೇನು ದೊಡ್ಡ ಮಾತೇ?

ಮುಂದಿನ ವಾರದ ನಡುವೆ ಅವಳು ಮುಟ್ಟಾದಳು. ಇದು ಆಗ ನನಗೆ ಗೊತ್ತಿರಲಿಲ್ಲ. ಆದರೆ ಕತೆ ಹೇಳುವಾಗ ಅದನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಆಮೇಲೆ ತೆಗೆದು ತೋರಿಸುವುದು ನನಗೆ ಸರಿಬರುವುದಿಲ್ಲ, ಈಗಲೇ ಹೇಳುತ್ತೇನೆ. ನಮ್ಮಲ್ಲಿ ಆ ದಿನಗಳಲ್ಲಿ ಹೆಂಗಸು ಹಿತ್ತಿಲ ಜಗುಲಿಯಲ್ಲಿ ಕೂರಬೇಕು. ತಟ್ಟೆ ಬೇರೆ, ಚಾಪೆ ಬೇರೆ. ಹಿತ್ತಿಲುಗಳ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಯಾರು ಕೂತಿದ್ದಾರೆ ಎಂದು ಊರಿಗೇ ಗೊತ್ತಾಗುತ್ತದೆ. ಮೈಲಿಗೆಗೆ ಅಲ್ಲಿಯವರು ತೀಟ್ಟು ಎನ್ನುತ್ತಾರೆ. ಸಾಧಾರಣ ಮಗ್ಗಕ್ಕೇ ಆ ತೀಟ್ಟಿನಲ್ಲಿ ಇಳಿಯುವಂತಿಲ್ಲ. ಇನ್ನು ಅಮ್ಮನ ಸೀರೆ!

ಅವಳು ಜಗುಲಿಯಲ್ಲಿ ಕೂತರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಬೀದಿಯ ಕಿವಿ ನಿಮಿರುತ್ತದೆ, ಯಜಮಾನರು ಬಾಗಿಲು ತಟ್ಟುತ್ತಾರೆ, ಹಾಸಿನ ಮೇಲೆ ಕತ್ತರಿ ಬೀಳುತ್ತದೆ. ಅವಳು ಜಗುಲಿಗೆ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಬೆಳಕು ಹರಿಯುವ ಮೊದಲೇ ತಲೆಗೆ ನೀರು ಸುರಿದುಕೊಂಡಳು, ಬಟ್ಟೆಯ ಮೇಲೆ ಬಟ್ಟೆ ಕಟ್ಟಿಕೊಂಡಳು, ಗುಂಡಿಗೆ ಇಳಿದಳು. ಸೀರೆಗೆ ಒಂದು ಹನಿ ಸೋಕದ ಹಾಗೆ, ಬೆವರು ಸಹ ಬೀಳದ ಹಾಗೆ ನೇಯ್ದಳು. ಮಡಿಲಿಗೆ ಹಳೇ ಪಂಚೆ ಹಾಸಿಕೊಂಡಿದ್ದಳಂತೆ, ಬೆರಳನ್ನು ಗಳಿಗೆಗೊಮ್ಮೆ ಒರೆಸಿಕೊಳ್ಳುತ್ತಿದ್ದಳಂತೆ. ಹೊಟ್ಟೆ ನುಲಿಯುವಾಗಲೂ ಏಟು ಎರಡೇ ಬೀಳಬೇಕು, ಮೆತ್ತಗೇ ಬೀಳಬೇಕು.

ಆ ಶನಿವಾರ ನಾನು ಬಂದಾಗ ಅವಳು ಬೇರೆಯೇ ಆಗಿದ್ದಳು. ಯಾವಾಗಲೂ ಮಗ್ಗದಲ್ಲಿ ಶಾಂತವಾಗುವ ಮುಖ ಈ ಸಲ ಶಾಂತವಾಗಿರಲಿಲ್ಲ. ನೇಯ್ದದ್ದನ್ನು ಸುತ್ತಿದ ಮರದಿಂದ ಬಿಚ್ಚುವಳು, ಬೆಳಕಿಗೆ ನೋಡುವಳು, ಮತ್ತೆ ಸುತ್ತುವಳು, ಮತ್ತೆ ಬಿಚ್ಚುವಳು.

"ಕಣ್ಣು, ಆ ಇಂಗ್ಲಿಷ್ ಮಾತು ಹೇಳಿದ್ಯಲ್ಲ" ಎಂದಳು. "ಕರೆ ಆಗಿ, ತೊಳ್ದು, ಒಂದ್ ಚೂರೂ ಕಾಣ್ದಂಗೆ ಹೋಗ್ಯದೆ ಅಂತ ಇಟ್ಕೋ. ಅದಕ್ಕೂ ಆ ಮಾತು ಹೇಳ್ಬೋದಾ? ಇಲ್ಲ, ಒಂದ್ ಸಲಾನೂ ಕರೇನೇ ಆಗಿರ್ಬಾರ್ದಾ?"

"ಅದೆಲ್ಲಾ ಯಾಕೆ ಈಗ ನಿಂಗೆ?"

"ಕೇಳ್ಕಂಡ್ ಬಾ ಅಂದ್ರೆ ಕೇಳ್ಕಂಡ್ ಬಾ. ಕಾಲೇಜಿಗೆ ಕಳ್ಸಿರೋದು ಯಾತಕ್ಕೆ?"

ಸೋಮವಾರ ಸಿಸ್ಟರನ್ನು ಕೇಳಿದೆ. ಅವರು ಕೇರಳದವರು, ಬಹಳ ಮೆಲುದನಿಯವರು. ಯಾರ ಪ್ರಶ್ನೆ ಇದು ಎಂದರು. ಸೀರೆ ನೇಯುವ ನಮ್ಮ ಚಿಕ್ಕವ್ವನದು ಎಂದೆ. ಅವರು ಲೈಬ್ರರಿಗೆ ಕರೆದುಕೊಂಡು ಹೋಗಿ ದಪ್ಪ ನಿಘಂಟು ತೆಗೆದರು, ನಾವಿಬ್ಬರೂ ಅದರ ಮೇಲೆ ಬಗ್ಗಿ ಕೂತೆವು. ಐನೂರು ಆರುನೂರು ವರ್ಷದ ಹಿಂದೆ ಪದ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದಾಗ ಅದನ್ನು ಬಟ್ಟೆಗೆ ಹೇಳುತ್ತಿರಲಿಲ್ಲವಂತೆ. ಆತ್ಮಕ್ಕೆ ಹೇಳುತ್ತಿದ್ದರು, ಹೆಚ್ಚಾಗಿ ಮೇರಿಯಮ್ಮನಿಗೆ. ಅಲ್ಲಿ ಅರ್ಥ ಬಹಳ ಬಿಗಿ. ಪಾಪದ ಕಲೆ ಹುಟ್ಟಿನಿಂದಲೇ, ಒಂದು ಕ್ಷಣವೂ, ಸೋಕದೇ ಇರುವುದು. ಅಂಗಿ, ಮೇಜಿನ ಬಟ್ಟೆ, ಗುಡಿಸಿದ ಮನೆ ಇವಕ್ಕೆಲ್ಲ ಹೇಳಲು ಶುರುಮಾಡಿದ್ದು ಸುಮಾರು ಮುನ್ನೂರು ವರ್ಷ ಕಳೆದ ಮೇಲೆ. ಅಲ್ಲಿ ಒಗೆದು ಇಸ್ತ್ರಿ ಮಾಡಿದ್ದರೆ ಸಾಕು, ಹಿಂದೆ ಏನಾಗಿತ್ತೆಂದು ಯಾರೂ ಕೇಳುವುದಿಲ್ಲ. ಇನ್ನೊಂದನ್ನೂ ಸಿಸ್ಟರ್ ಬೆರಳಿಟ್ಟು ತೋರಿಸಿದರು. ಕಲೆ ಎನ್ನುವ ಅದೇ ಮ್ಯಾಕ್ಯುಲಾ ಪದವನ್ನು ರೋಮಿನವರು ಬಲೆಯ ಕಣ್ಣಿಗೂ ಹೇಳುತ್ತಿದ್ದರಂತೆ.

ಇದನ್ನೆಲ್ಲ ಹೊತ್ತುಕೊಂಡು ಶನಿವಾರ ಬಂದು ಚಿಕ್ಕವ್ವನಿಗೆ ಒಪ್ಪಿಸಿದೆ. ಸೀರೆ ಸೆರಗಿಗೆ ಬಂದಿತ್ತು. ಬಲೆಯ ಕಣ್ಣಿನ ವಿಷಯ ಕೇಳಿ ಅವಳು, "ಆಮಾ, ಹೌದು, ಕಣ್ಣಿಲ್ದೇ ಬಟ್ಟೆ ಎಲ್ಲದೆ? ಬೆಳಕಿಗೆ ಹಿಡುದ್ರೆ ಪಟ್ಟು ಸೀರೇನೂ ಕಣ್ಣೇ" ಎಂದಳು. ಅದು ಅವಳಿಗೆ ದೊಡ್ಡ ವಿಷಯವೇ ಆಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇನ್ನೊಂದು.

"ಅಮ್ಮನ ಸೀರೆ ಯಾವ ಲೆಕ್ಕ? ಆತ್ಮದ್ದಾ, ಅಂಗೀದಾ?"

ನಾನು ನಗುತ್ತಾ, "ಅಮ್ಮಂದು ಅಂದ್ಮೇಲೆ ಆತ್ಮದ್ದೇ" ಎಂದೆ.

ಅವಳು ನಗಲಿಲ್ಲ. ಮಗ್ಗ ನಿಂತಿತು. ಚಾಪೆಯ ಮೇಲಿನಿಂದ ಚಿಕ್ಕಪ್ಪ ತಲೆ ಎತ್ತಿ, "ಯಾಕೆ ನಿಲ್ಸಿದೆ?" ಎಂದ. ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳುತ್ತಾಳೆ ಅಂದುಕೊಂಡೆ. ಲಾಳಿ ಎತ್ತಿಕೊಂಡಳು.

ವಿಜಯದಶಮಿಯ ಬೆಳಗ್ಗೆ ನಮ್ಮ ಬೀದಿಯ ಗುಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸೀರೆ ಹಿಂದಿನ ದಿನವೇ ಗುಡಿಗೆ ಹೋಗಿತ್ತು. ಯಜಮಾನರಾದ ಕುಪ್ಪುಸಾಮಿ ತಾತ ಅದನ್ನು ಅಂಗೈ ಮೇಲೆ ಹರಡಿ, "ಗೋಪಾಲು, ಅಪ್ಪನ ಪೇರು ಉಳಿಸ್ಬುಟ್ಟೆ" ಎಂದಿದ್ದರು. ಚಿಕ್ಕಪ್ಪ ಸ್ವಲ್ಪ ಗುಣವಾಗಿದ್ದ. ಶಾಲು ಹೊದ್ದು, ಕಣ್ಣು ತಗ್ಗಿಸಿ ಕೈಮುಗಿದಿದ್ದ. ವ್ರತದಿಂದ ಸೊರಗಿದ್ದಾನೆ ಎಂದು ಜನ ಅಂದುಕೊಂಡರು. ಅವನೂ ಅಂದುಕೊಳ್ಳಲು ಬಿಟ್ಟ.

ಅಮ್ಮನಿಗೆ ಸೀರೆ ಉಡಿಸಿದರು. ಬಿಳಿಯ ಮೇಲೆ ಕೆಂಪು ಅಂಚು ದೀಪದ ಬೆಳಕಿನಲ್ಲಿ ಹೇಗೆ ಕಾಣುತ್ತಿತ್ತೆಂದರೆ ನನಗೆ ಅಳು ಬಂತು. ಚಿಕ್ಕವ್ವ ಹೆಂಗಸರ ನಡುವೆ ನಿಂತು ನೋಡುತ್ತಿದ್ದಳು. ಅವಳ ಹೆಬ್ಬೆರಳು ನೆಲ ಕೆರೆಯುತ್ತಲೇ ಇತ್ತು.

ಇನ್ನು ಕತ್ತಿ ನಿಲ್ಲಿಸಬೇಕು. ನಮ್ಮಲ್ಲಿ ಅಮ್ಮ ಬಂದಳು ಎಂಬುದಕ್ಕೆ ಅದೇ ಗುರುತು. ತುಂಬಿದ ಕಲಶದ ಬಾಯಿಗೆ ಅಡ್ಡಲಾಗಿ ಹಸಿ ನೂಲು ಕಟ್ಟಿ, ಅದರ ಮೇಲೆ ಕತ್ತಿಯ ತುದಿ ಊರಿ ಕೈಬಿಡುತ್ತಾರೆ. ಸುತ್ತ ಗಂಡಸರು ಕತ್ತಿ ಹಿಡಿದು ಎದೆಗೆ ಬಡಿದುಕೊಳ್ಳುತ್ತಾ ಅಮ್ಮನನ್ನು ಕರೆಯುತ್ತಾರೆ. ಅಮ್ಮ ಒಪ್ಪಿದರೆ ಕತ್ತಿ ನಿಲ್ಲುತ್ತದೆ. ಬಿದ್ದರೆ ಜನರಲ್ಲಿ ಯಾರ ಮೇಲೋ ತೀಟ್ಟು ಇದೆ ಎಂದು ಅರ್ಥ. ಅವರು ಮುಂದೆ ಬಂದು ಒಪ್ಪಿಕೊಳ್ಳಬೇಕು.

ಕುಪ್ಪುಸಾಮಿ ತಾತ ಕತ್ತಿ ಊರಿ ಕೈಬಿಟ್ಟರು. ಬಿತ್ತು. ಮತ್ತೆ ಊರಿದರು. ಬಿತ್ತು. ತಮಟೆ ನಿಂತಿತು. ಕಲ್ಲಿನ ನೆಲದ ಮೇಲೆ ಕತ್ತಿ ಬಿದ್ದ ಸದ್ದು ಎಲ್ಲರ ಬೆನ್ನಿನಲ್ಲೂ ಓಡಿತು.

"ಯಾರ್ ಮ್ಯಾಲಾದ್ರೂ ತೀಟ್ಟು ಇದ್ರೆ ಹೇಳ್ಬುಡಿ" ಎಂದರು ತಾತ. "ಅಮ್ಮ ಬಾಗ್ಲಲ್ಲಿ ನಿಂತವ್ಳೆ. ಒಳಗ್ ಬರಕ್ಕಾಗ್ತಿಲ್ಲ."

ಜನರ ಕಣ್ಣುಗಳು ಮಾತಾಡತೊಡಗಿದವು. ಆ ಕಣ್ಣುಗಳೆಲ್ಲ ಹರಿದು ಹೋಗಿ ನಿಂತದ್ದು ಅಮ್ಮಣಿಯ ಮೇಲೆ. ಅಮ್ಮಣಿ ನಮ್ಮ ಪಕ್ಕದ ಮನೆಯ ಹೆಂಗಸು. ಅವಳ ಗಂಡ ಟೀ ಎಸ್ಟೇಟ್ ಕೆಲಸ ಎಂದು ವಾಲ್ಪಾರೈಗೆ ಹೋದವನು ವಾಪಸು ಬಂದಿರಲಿಲ್ಲ, ಅಲ್ಲೇ ಇನ್ನೊಬ್ಬಳ ಜೊತೆ ಇದ್ದಾನೆ ಎಂದು ಸುದ್ದಿ. ಓಡಿಹೋದದ್ದು ಅವನು, ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದದ್ದು ಇವಳು. ಆ ಬೆಳಗ್ಗೆ ಗುಡಿಯ ಮುಂದೆ ರಂಗೋಲಿ ಹಾಕಿದ್ದಳು. ಹಾಕಲು ಹೇಳಿದವರೇ ಈಗ ದೂರ ಸರಿದರು. ಅವಳ ಸುತ್ತ ಜಾಗ ತಾನೇ ತಾನಾಗಿ ಖಾಲಿಯಾಯಿತು. ನಾನು ನೋಡುತ್ತಿದ್ದಂತೆ ಅವಳು ಕೈಮುಗಿದುಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಏನು ತಪ್ಪೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ಜನ ನೋಡುತ್ತಿದ್ದಾರೆಂದರೆ ಏನೋ ಇರಬೇಕು ಎಂದುಕೊಂಡಿರಬೇಕು.

"ನಾನೇ ಇರ್ಬೋದು ತಾತಾ" ಎಂದಳು.

"ನೀನಲ್ಲ!" ಎಂದು ಚಿಕ್ಕವ್ವ ಕೂಗಿದಳು.

ಹೆಂಗಸರನ್ನು ತಳ್ಳಿಕೊಂಡು ಮುಂದೆ ಬಂದಳು. "ಅವ್ಳಲ್ಲ. ಆ ಸೀರೆ ನೇಯ್ದದ್ದು ನಾನು. ಅವರಿಗೆ ಕಾಮಾಲೆ, ಎದ್ದು ಕುಂತ್ಕಳಕ್ಕೂ ಆಗ್ತಿರ್ಲಿಲ್ಲ. ಮೊದ್ಲಿಂದ ಸೆರಗ್ ತನಕ ನಂದೇ ಕೈ. ನಡೂಲಿ ಮುಟ್ಟಾದೆ. ಆಗ್ಲೂ ನೇಯ್ದೆ. ಯಾರಿಗೂ ಹೇಳ್ಲಿಲ್ಲ."

ತಾತ ಚಿಕ್ಕಪ್ಪನ ಕಡೆ ತಿರುಗಿದರು. "ಏನ್ ಗೋಪಾಲು? ಆಮಾನಾ?"

ಚಿಕ್ಕಪ್ಪ ಶಾಲಿನ ಅಂಚು ಹಿಡಿದುಕೊಂಡಿದ್ದ. ಮುಖ ಎತ್ತಲಿಲ್ಲ. "ನಂಗೇನ್ ತಿಳೀದು" ಎಂದ. "ನಾ ಮಲ್ಗಿದ್ದೆ."

ಅದನ್ನು ಕೇಳಿ ನನಗಾದ ಅಸಹ್ಯವನ್ನು ಈಗಲೂ ಮುಚ್ಚಿಡುವುದಿಲ್ಲ. ಅವನ ಕಣ್ಣೀರಿಗಾಗಿ ಗುಂಡಿಗೆ ಇಳಿದವಳು ಅವಳು. ಚಿಕ್ಕವ್ವ ಅವನನ್ನು ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅಮ್ಮನ ಮೈಯಿಂದ ಸೀರೆ ಬಿಚ್ಚಿದರು. ಬಿಚ್ಚಿದರು ಎನ್ನುವುದೇನು, ಎಳೆದು ನೆಲಕ್ಕೆ ಹಾಕಿದರು. ಹೋದ ವರ್ಷದ ಸೀರೆ ತಂದು ಉಡಿಸಿದರು. ಪೂಜಾರಿ ಕೊಡದ ತುಂಬ ಅರಿಶಿನದ ನೀರು ಕಲಸಿ ಅಮ್ಮನಿಗೆ, ಗೋಡೆಗೆ, ನೆಲಕ್ಕೆ, ಜನರ ತಲೆಗೆಲ್ಲ ಎರಚಿದ. ಚಿಕ್ಕವ್ವನಿಗೆ ಗುಡಿಯ ಹೊಸಿಲಾಚೆ ನಿಲ್ಲಲು ಹೇಳಿದರು. ನಿಂತಳು. ಸೀರೆಯನ್ನು ಮುದ್ದೆ ಮಾಡಿ ಅವಳ ಕಾಲಬುಡಕ್ಕೆ ಹಾಕಿದರು. ನಾನೂ ಹೊರಗೆ ಹೋಗಿ ಅವಳ ಪಕ್ಕ ನಿಂತೆ. ಅವಳು ನನ್ನ ಕೈ ಹಿಡಿದುಕೊಳ್ಳಲಿಲ್ಲ, ಸೀರೆಯನ್ನೂ ಎತ್ತಲಿಲ್ಲ. ಕಣ್ಣು ಕತ್ತಿಯ ಮೇಲೇ ಇತ್ತು. ಅದು ನಿಲ್ಲಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು, ಅವಳ ತುಟಿ ಅಲ್ಲಾಡುತ್ತಿದ್ದದ್ದು ನಾನು ನೋಡಿದೆ.

ತಮಟೆ ಮತ್ತೆ ಶುರುವಾಯಿತು. ಗಂಡಸರು ಗಂಟಲು ಹರಿಯುವ ಹಾಗೆ ಕರೆದರು. ತಾತ ಕತ್ತಿ ಊರಿದರು, ಕೈಬಿಟ್ಟರು.

ಬಿತ್ತು.

ಸೀರೆ ಹೋಗಿತ್ತು, ಚಿಕ್ಕವ್ವ ಹೋಗಿದ್ದಳು, ಅರಿಶಿನದ ನೀರು ಗೋಡೆಯಿಂದ ಇನ್ನೂ ಇಳಿಯುತ್ತಿತ್ತು. ಕತ್ತಿ ಬಿತ್ತು. ತಾತ ಅದನ್ನು ಎತ್ತಿಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಆ ಕಣ್ಣುಗಳು, ನಾಚಿಕೆಗೆಟ್ಟ ಕಣ್ಣುಗಳು, ಮೆಲ್ಲಗೆ ಮತ್ತೆ ಅಮ್ಮಣಿಯ ಕಡೆ ಹೊರಟವು.

"ಆ ಹೆಣ್ಣಿನ್ ನೋಡ್ಬೇಡಿ."

ಚಿಕ್ಕಪ್ಪ ಎದ್ದು ನಿಂತಿದ್ದ. ಶಾಲು ಹೆಗಲಿನಿಂದ ಜಾರಿ ಬಿದ್ದಿತ್ತು. ಹೊಟ್ಟೆ ಒಳಗೆ ಹೋಗಿ, ಎಲುಬು ಕಾಣುತ್ತಾ, ಬೆಳಗಿನ ಬಿಸಿಲಿನಲ್ಲಿ ಹಳದಿಯಾಗಿ ಕಾಣುತ್ತಿದ್ದ.

"ನಾ ಸುಳ್ಳ್ ಹೇಳ್ದೆ" ಎಂದ. "ನೇಯಿ ಅಂತ ಅತ್ತು ಕರ್ದು ಕುಂದ್ರಿಸಿದ್ದು ನಾನೇ. ಮುಟ್ಟಾಗಿದ್ದೂ ನಂಗೆ ಗೊತ್ತಿತ್ತು. ಇಷ್ಟ್ ವರ್ಷ ಒಟ್ಟಿಗೆ ಇದ್ದೀನಿ, ನಂಗೆ ತಿಳಿಯಲ್ವಾ? ತಿಳೀದೋನಂಗೆ ಗೋಡೆ ಕಡೆ ತಿರುಗಿ ಮಲ್ಗಿದ್ದೆ. ಸೀರೆ ಇಳೀಲಿ, ಪೇರು ಬರ್ಲಿ ಅಂತ. ಅವ್ಳು ಸೀರೇಗೆ ಒಂದ್ ಕರೆ ಮಾಡ್ಲಿಲ್ಲ ತಾತಾ. ಮಾಡಿದ್ದು ನಾನು."

"ಕುಂತ್ಕೋ ಗೋಪಾಲು" ಎಂದರು ತಾತ. "ಒಪ್ಕಂಡ್ಯಲ್ಲ, ಸಾಕು. ಗಂಡ್ಸು, ನೀನ್ ಒಳಗೇ ಇರು. ಇನ್ನೊಂದ್ಸಲ ನಿಲ್ಸಿ ನೋಡಣ."

ಚಿಕ್ಕಪ್ಪ ಕೂರಲಿಲ್ಲ. ಬೀದಿ ಏನನ್ನುತ್ತದೋ ಎಂದು ಹುಟ್ಟಿದಾಗಿನಿಂದ ಹೆದರಿಕೊಂಡೇ ಬದುಕಿದ ಮನುಷ್ಯ, ಇಡೀ ಬೀದಿಯ ಮುಂದೆ, ಕಂಬದಿಂದ ಕಂಬಕ್ಕೆ ಕೈ ಊರಿಕೊಂಡು ಹೊಸಿಲು ದಾಟಿ ಹೊರಗೆ ಬಂದ. ಬಗ್ಗಲು ಅವನಿಗೆ ಆಗುತ್ತಿರಲಿಲ್ಲ. ಆದರೂ ಬಗ್ಗಿ ಸೀರೆ ಎತ್ತಿ, ಮಣ್ಣು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಡಿ" ಎಂದ ಚಿಕ್ಕವ್ವನಿಗೆ.

ಗುಡಿಯಲ್ಲಿ ಮತ್ತೆ ತಮಟೆ ಎದ್ದಿತು. ಆ ದಿನ ಕತ್ತಿ ಕೊನೆಗೆ ನಿಂತಿತೆಂದು ಕೆಲವರು ಹೇಳುತ್ತಾರೆ, ತಾತ ಸೋತು ಅದನ್ನು ಅಮ್ಮನ ಕಾಲಬಳಿ ಮಲಗಿಸಿಬಿಟ್ಟರೆಂದು ಕೆಲವರು. ನಾವು ಮೂವರೂ ನೋಡಲು ನಿಲ್ಲಲಿಲ್ಲ.

ಮನೆಗೆ ಬಂದ ತಕ್ಷಣ ಚಿಕ್ಕವ್ವ ಸೀರೆಯನ್ನು ಅವನ ಹೆಗಲಿನಿಂದ ಕಿತ್ತುಕೊಂಡು ಅಂಗಳದ ಬಿಸಿಲಿಗೆ ಹಿಡಿದಳು. ಒಂದು ತುದಿ ನನ್ನ ಕೈಗೆ ಕೊಟ್ಟಳು. ಮೊಳ ಮೊಳ ಸರಿಸುತ್ತಾ ಹುಡುಕಿದಳು. ಆ ದಿನಗಳಲ್ಲಿ ನೇಯ್ದ ಭಾಗ ಯಾವುದೆಂದು ಅವಳಿಗೆ ಗೊತ್ತಿತ್ತು, ಅಲ್ಲಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ತಿರುಗಿಸಿ ನೋಡಿದಳು. ಉಗುರಿನಿಂದ ಕೆರೆದು ನೋಡಿದಳು. ಹಾಲಿನ ಹಾಗೆ ಬಿಳಿ, ಅಷ್ಟೇ. ಅವಳು ಗಂಟಲಲ್ಲಿ ಒಂದು ಸದ್ದು ಮಾಡಿದಳು, ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಸೆರಗಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಕಲೆಯಿತ್ತು. ಅಂಗೈಯಗಲ, ಹೊಚ್ಚ ಹೊಸದು, ಹಳದಿ. ಪೂಜಾರಿ ಶುದ್ಧಿಗೆಂದು ಎರಚಿದ ಅರಿಶಿನದ ನೀರು.

ನಾನು ಸೋಪು ತರಲು ಒಳಗೆ ಓಡಿದೆ.

"ಬೇಡ ಕಣ್ಣು" ಎಂದಳು. "ಅರಿಶಿನ. ಸೋಪ್ ಹಾಕಿದ್ರೆ ರಗತದಂಗೆ ಕೆಂಪಾಗ್ತದೆ. ಇರ್ಲಿ ಬುಡು."

ಒಳಗೆ ಹೋಗಿ ಆ ಸೀರೆಯನ್ನೇ ಉಟ್ಟುಕೊಂಡು ಬಂದಳು. ಹಳದಿ ಕಲೆ ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಸೆರಗು ಹೊದ್ದಿದ್ದಳು. ಜಗುಲಿಯ ಮೇಲೆ ಕೂತಿದ್ದ ಚಿಕ್ಕಪ್ಪ ನೋಡಿ ಎರಡೂ ಕೈ ಎತ್ತಿ ಮುಗಿದ. ಅವಳು ಅವನ ಕೈ ತಗ್ಗಿಸಿ, ಗಂಜಿ ಬಿಸಿ ಮಾಡಲು ಒಲೆಯ ಹತ್ತಿರ ಹೋದಳು.